ಹೆಂಗಸರಿಗೆ, ಕುಟುಂಬಗಳಿಗೆ ರಾತ್ರಿ ತಂಗುದಾಣ ತೆರೆಯುತ್ತಿದ್ದೇವೆ, ಅನುಭವ ಇದ್ದವರು ಹೇಳಿ

ನಾವು ಹನ್ನೊಂದು ಜನ ಸೇರಿ ನಮ್ಮ ಬಡಾವಣೆಯಲ್ಲಿ ಮನೆಯಿಲ್ಲದ ಹೆಂಗಸರಿಗೆ, ಮಕ್ಕಳಿರುವ ಕುಟುಂಬಗಳಿಗೆ ರಾತ್ರಿ ತಂಗುದಾಣ ತೆರೆಯಬೇಕು ಅಂತಿದ್ದೇವೆ. ಹಳೆಯ ಸಭಾಂಗಣ ಒಂದು ಸಿಕ್ಕಿದೆ. 30 ಜನ ಮಲಗಬಹುದು ಅನ್ನಿಸುತ್ತದೆ. ರಾತ್ರಿ 8ಕ್ಕೆ ಬಾಗಿಲು ತೆಗೆದು ಬೆಳಗ್ಗೆ 6ಕ್ಕೆ ಮುಚ್ಚುವ ಯೋಚನೆ. ಅಕ್ಕಪಕ್ಕದವರಿಗೆ ಇನ್ನೂ ಹೇಳಿಲ್ಲ, ಗಲಾಟೆ ಆಗಬಹುದು ಅನ್ನೋ ಭಯ. ಇಂಥ ಕಡೆ ಕೆಲಸ ಮಾಡಿದವರು, ತಂಗಿದವರು, ಪಕ್ಕದಲ್ಲಿ ವಾಸ ಇರುವವರು ನಿಮ್ಮ ಅನುಭವ ಹೇಳಿ. ಹಾಸಿಗೆ, ಹೊದಿಕೆ, ಬಕೆಟ್ಟು ಎಲ್ಲ ಪಟ್ಟಿ ಮಾಡಿಕೊಂಡಿದ್ದೇವೆ. ಪಟ್ಟಿಯಲ್ಲಿ ಬಾರದೇ ಇರುವುದು ಏನು ಅಂತ ಗೊತ್ತಾಗಬೇಕು.

ಆರು ವರ್ಷ ರಾತ್ರಿ ಪಾಳಿ ಮಾಡಿದವಳು

ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಚುಚ್ಚಿದ್ದು ಆ 8 ಗಂಟೆ. ಬಾಗಿಲು 8ಕ್ಕೆ ಅಂದರೆ ಜನ 6ಕ್ಕೇ ಬಂದು ನಿಲ್ಲುತ್ತಾರೆ. ಜಾಗ ಸಿಗುತ್ತೋ ಇಲ್ವೋ ಅನ್ನುವಾಗ ಯಾರು ತಾನೇ ಹೊತ್ತಿಗೆ ಸರಿಯಾಗಿ ಬರುತ್ತಾರೆ? ನಮ್ಮಲ್ಲಿ ಜಗಳ ಒಳಗೆ ಆಗಿದ್ದು ಕಡಿಮೆ, ಗೇಟಿನ ಮುಂದೆ ಆಗಿದ್ದೇ ಜಾಸ್ತಿ. ಕತ್ತಲಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರೆ ಅವರನ್ನು ಹುಡುಕುವವರಿಗೂ ಕೆಲಸ ಸುಲಭ. ಹೊಡೆಯುವ ಗಂಡ ಬರುತ್ತಾನೆ. ಸಾಲ ಕೊಟ್ಟವನು ಬರುತ್ತಾನೆ. ಕೆಲಸ ಕೊಡಿಸುತ್ತೇನೆ ಅನ್ನುವ ದಲ್ಲಾಳಿ ಅಂತೂ ತಪ್ಪದೇ ಬರುತ್ತಾನೆ.

ಎರಡನೇ ವರ್ಷ ನಾವು ಎರಡು ಬದಲಾವಣೆ ಮಾಡಿದೆವು. ಮಲಗುವ ಹಾಲ್ 8ಕ್ಕೇ ತೆರೆದರೂ ಮುಂದಿನ ಕೋಣೆಯನ್ನು 5ಕ್ಕೆ ತೆಗೆದೆವು. ಬೆಂಚು, ನೀರು, ಶೌಚಾಲಯ, ಫೋನ್ ಚಾರ್ಜ್ ಮಾಡಲು ಪ್ಲಗ್ಗು, ಅಷ್ಟೇ. ಇನ್ನೊಂದು, ನಿನ್ನೆ ಮಲಗಿದ್ದವರ ಹಾಸಿಗೆ ಇವತ್ತೂ ಅವರದೇ. ರಾತ್ರಿ 9ರವರೆಗೆ ಬರದೆ, ಫೋನೂ ಮಾಡದೇ ಇದ್ದರೆ ಮಾತ್ರ ಬೇರೆಯವರಿಗೆ. ತಡವಾಗಿ ಕೆಲಸ ಮುಗಿಸಿ ಬರುವವರು ಮೊದಲೇ ಹೇಳಿಟ್ಟರೆ ಸಾಕಿತ್ತು. ಒಂದೇ ತಿಂಗಳಲ್ಲಿ ಸಾಲು ಕರಗಿತು.

ರಾತ್ರಿ ಎಚ್ಚರ ಇರುವವರು ಇಬ್ಬರು ಇರಲೇಬೇಕು. ಒಬ್ಬರು ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಉಳಿದವರ ಜೊತೆ ಒಬ್ಬರು ಬೇಕಲ್ವಾ. ಯಾರಾದರೂ ಫೋನ್ ಮಾಡಿ ‘ಇಂಥವಳು ನಿಮ್ಮಲ್ಲಿದ್ದಾಳಾ’ ಅಂದರೆ ಇದ್ದಾಳೆ ಅಂತಲೂ ಹೇಳಬೇಡಿ, ಇಲ್ಲ ಅಂತಲೂ ಹೇಳಬೇಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಅಣ್ಣ ಅಂತ ಹೇಳಿಕೊಂಡು ಅಳುತ್ತಾ ಕೇಳಿದವನಿಗೆ ಒಂದು ಸಲ ‘ಇಲ್ಲಿಲ್ಲ’ ಅಂದುಬಿಟ್ಟೆ, ಆಗ ಅವಳು ನಿಜಕ್ಕೂ ಇರಲಿಲ್ಲ. ಹತ್ತು ದಿನ ಬಿಟ್ಟು ಮತ್ತೆ ಮಾಡಿದ. ಈ ಸಲ ‘ಹೇಳಕ್ಕಾಗಲ್ಲ’ ಅಂದೆ. ಅರ್ಧ ಗಂಟೆಯಲ್ಲಿ ಗೇಟಿನ ಹತ್ತಿರ ನಿಂತಿದ್ದ.

ಮಕ್ಕಳ ಜೊತೆ ತಂಗಿದ್ದವಳು

ನಾನು ಮೊದಲು ಹೋದ ಕಡೆ ಹನ್ನೆರಡು ದಾಟಿದ ಗಂಡುಮಕ್ಕಳನ್ನು ಸೇರಿಸುತ್ತಿರಲಿಲ್ಲ. ನನ್ನ ಮಗನಿಗೆ ಆಗ ಹದಿಮೂರು. ಅವನನ್ನು ಗಂಡಸರ ತಂಗುದಾಣಕ್ಕೆ ಕಳಿಸಿ, ನೀವು ಮಗಳ ಜೊತೆ ಬನ್ನಿ ಅಂದರು. ಆವತ್ತು ಮೂರೂ ಜನ ಬಸ್ ನಿಲ್ದಾಣದಲ್ಲಿ ಕೂತು ಬೆಳಗು ಮಾಡಿದೆವು. ಅವರ ಪುಸ್ತಕದಲ್ಲಿ ಮಾತ್ರ ‘ಜಾಗ ಕೊಟ್ಟರೂ ಬರಲಿಲ್ಲ’ ಅಂತ ಬರೆದಿರುತ್ತಾರೆ.

ಹಾಗಾಗಿ ‘ಕುಟುಂಬ’ ಅಂತ ಬೋರ್ಡು ಬರೆಸುವ ಮೊದಲು ತೀರ್ಮಾನ ಮಾಡಿ. ಅಪ್ಪ ಬರಬಹುದಾ? ಹದಿನಾರರ ಹುಡುಗ? ಮೊಮ್ಮಗಳನ್ನು ಸಾಕುತ್ತಿರುವ ಅಜ್ಜ? ಬರಬಹುದು ಅಂದರೆ ಒಂಟಿ ಹೆಂಗಸರು ಮಲಗುವ ಕೋಣೆ, ಶೌಚಾಲಯ, ಓಡಾಡುವ ದಾರಿ ಎಲ್ಲ ಬೇರೆ ಇರಬೇಕು. ಒಂದೇ ಹಾಲ್‌ಗೆ ಪರದೆ ಕಟ್ಟಿ ಎರಡೂ ಮಾಡುತ್ತೇವೆ ಅನ್ನಬೇಡಿ. ಗಂಡಸಿನ ಕೈಯಲ್ಲಿ ಪೆಟ್ಟು ತಿಂದು ಬಂದವಳಿಗೆ ಪರದೆಯಾಚೆ ಗಂಡಸು ಕೆಮ್ಮಿದರೂ ನಿದ್ದೆ ಬರಲ್ಲ.

ಆಮೇಲೆ ಸಿಕ್ಕಿದ ಜಾಗದಲ್ಲಿ ನಾಲ್ಕು ತಿಂಗಳು ಇದ್ದೆವು. ಅಲ್ಲಿ ಬಾಗಿಲಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಏನಂತ ಕರೀಬೇಕು, ಈಗಲೇ ಔಷಧಿ ಏನಾದರೂ ಬೇಕಾ, ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬರಬಹುದಾ. ಉಳಿದದ್ದು ನಾಳೆ, ಮೊದಲು ಮಲಗಿ ಅಂದರು. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಕಥೆಯನ್ನು ನಾಲ್ಕು ಮೇಜಿನ ಮುಂದೆ, ಮಕ್ಕಳ ಎದುರೇ ಹೇಳಿ ಆಗಿತ್ತು.

ಬಚ್ಚಲಿಗೆ ಗಟ್ಟಿ ಚಿಲಕ ಹಾಕಿಸಿ. ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಸಬೇಡಿ, ನೆಲದ ಹತ್ತಿರ ಸಣ್ಣ ದೀಪ ಸಾಕು. ಪ್ರತಿಯೊಬ್ಬರಿಗೂ ಬೀಗ ಹಾಕುವ ಪೆಟ್ಟಿಗೆ ಕೊಡಿ. ಮೊದಲ ವಾರ ನಾನು ಚಪ್ಪಲಿಯನ್ನು ದಿಂಬಿನ ಕೆಳಗಿಟ್ಟು ಮಲಗಿದ್ದೆ. ‘ಪ್ಯಾಡ್ ಬೇಕಾದರೆ ಕೇಳಿ’ ಅಂತ ಚೀಟಿ ಅಂಟಿಸುವ ಬದಲು ಸುಮ್ನೆ ಬಚ್ಚಲಲ್ಲೇ ಇಟ್ಟುಬಿಡಿ.

ಸಂಜೆ ಬಾಗಿಲಿನ ಬಗ್ಗೆ ಮೇಲೆ ಹೇಳಿದ್ದಾರೆ. ಬೆಳಗ್ಗೆಯದನ್ನು ನಾನು ಹೇಳುತ್ತೇನೆ. 6ಕ್ಕೆ ಹೊರಗೆ ಅಂದರೆ ಶಾಲೆ ತೆಗೆಯುವವರೆಗೆ ಮಕ್ಕಳನ್ನು ಎಲ್ಲಿ ನಿಲ್ಲಿಸಿಕೊಳ್ಳಲಿ? ಮಳೆ ಬಂದರೆ? ನಮ್ಮಲ್ಲಿ ಮೊದಲು 6 ಇತ್ತು. ಮಗಳು ತರಗತಿಯಲ್ಲಿ ನಿದ್ದೆ ಮಾಡುತ್ತಾಳೆ ಅಂತ ಟೀಚರ್ ದೂರು ಹೇಳಿದರು. ಆಮೇಲೆ ಮಕ್ಕಳಿದ್ದವರು 8ರವರೆಗೆ ಇರಬಹುದು ಅಂತ ಮಾಡಿದರು. ನನಗೆ ಕೆಲಸ ಹುಡುಕಲು ಸಾಧ್ಯವಾದದ್ದೂ ಆಮೇಲೆಯೇ. ಮಕ್ಕಳನ್ನು ನೇರ ಶಾಲೆಗೆ ಬಿಟ್ಟು ಹೋಗಬಹುದಿತ್ತು.

ವಿರೋಧ ಮಾಡಿದ್ದ ಪಕ್ಕದ ಮನೆಯವನು

ಸಹಿ ಸಂಗ್ರಹ ಮಾಡಿದ್ದೇ ನಾನು. ನಮ್ಮ ಮನೆಯಿಂದ ಮೂರನೇ ಕಟ್ಟಡದಲ್ಲಿ ತಂಗುದಾಣ ಬಂತು. ನನಗೆ ಸಿಟ್ಟು ಬಂದದ್ದು ಅದು ಬರುತ್ತೆ ಅಂತಲ್ಲ, ಲಾರಿಯಿಂದ ಮಂಚ ಇಳಿಸುವಾಗ ಗೊತ್ತಾಯಿತಲ್ಲ ಅಂತ. (ಸರಿ, ಪೂರ್ತಿ ನಿಜ ಹೇಳಬೇಕು ಅಂದರೆ ಬರೋದೂ ಇಷ್ಟ ಇರಲಿಲ್ಲ.) ಆದ್ದರಿಂದ ಮುಚ್ಚಿಡೋ ಯೋಚನೆ ಬಿಡಿ. ಗುಟ್ಟಾಗಿ ಮಾಡಿದರೆ ಏನೋ ಇದೆ ಅಂತಲೇ ಜನ ಅಂದುಕೊಳ್ಳೋದು.

ಅವರು ಕರೆದ ಮೊದಲ ಸಭೆಯಲ್ಲಿ ಮನೆಯಿಲ್ಲದವರ ಕಷ್ಟದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಆಯಿತು. ಒಬ್ಬರ ಮನಸ್ಸೂ ಕದಲಲಿಲ್ಲ. ನಮಗೆ ಬೇಕಿದ್ದದ್ದು ಸಣ್ಣ ಸಣ್ಣ ಉತ್ತರ. ಎಷ್ಟು ಜನ ಇರುತ್ತಾರೆ? ಜಾಗ ಸಿಗದವರು ನಮ್ಮ ಜಗುಲಿ ಮೇಲೆ ಮಲಗುತ್ತಾರಾ? ಗಲಾಟೆ ಆದರೆ ಯಾರಿಗೆ ಹೇಳೋದು? ಎರಡನೇ ಸಭೆಯಲ್ಲಿ ಇವಕ್ಕೆಲ್ಲ ಬರೆದುಕೊಟ್ಟರು, ಒಂದು ಫೋನ್ ನಂಬರೂ ಕೊಟ್ಟರು. ಎತ್ತುತ್ತಾರಾ ನೋಡೋಣ ಅಂತ ರಾತ್ರಿ ಹನ್ನೊಂದೂವರೆಗೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ಏನು ಹೇಳಬೇಕು ಅಂತ ತೋಚದೆ ಬೀದಿ ದೀಪ ಕೆಟ್ಟಿದೆ ಅಂದೆ. ಅದು ನಿಜಕ್ಕೂ ಕೆಟ್ಟಿತ್ತು. ಬೆನ್ನು ಹತ್ತಿ ಸರಿ ಮಾಡಿಸಿದರು.

ಎಲ್ಲ ಸರಿಹೋಯಿತು ಅಂತ ಹೇಳಲ್ಲ. ಕಸದ ಜಗಳ ಈಗಲೂ ಇದೆ, ಮೂರು ತಿಂಗಳಿಗೊಮ್ಮೆ ಕೂತು ಆಡುತ್ತೇವೆ. ಎದುರು ಮನೆಯವರು ಅವರನ್ನೂ ಮಾತಾಡಿಸಲ್ಲ, ಈಗ ನನ್ನನ್ನೂ ಮಾತಾಡಿಸಲ್ಲ.

ಕಟ್ಟಡ, ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು

30 ಅನ್ನೋ ಲೆಕ್ಕ ನೆಲ ನೋಡಿ ಹಾಕಿದ್ದೀರಿ ಅನ್ನಿಸುತ್ತದೆ. ಶೌಚಾಲಯ ನೋಡಿ ಹಾಕಿ. ವಿಕೋಪದ ಸಮಯದ ಆಶ್ರಯಗಳಿಗೆ ಹಲವು ದೇಶಗಳಲ್ಲಿ ಬಳಸುವ ಸ್ಫಿಯರ್ ಕೈಪಿಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ (ಸುಮಾರು 38 ಚದರ ಅಡಿ), 20 ಜನಕ್ಕೆ ಒಂದು ಶೌಚಾಲಯ ಅನ್ನುತ್ತದೆ. ಅದು ಪ್ರವಾಹ, ಭೂಕಂಪದ ಹೊತ್ತಿನ ಅಳತೆ. ಎಲ್ಲರೂ ಒಂದೇ ಗಂಟೆಯಲ್ಲಿ ಹೊರಡುವ ಜಾಗಕ್ಕೆ ಸಾಲದು. ನಮ್ಮಲ್ಲಿ 24 ಜನಕ್ಕೆ ನಾಲ್ಕಿದ್ದವು, ಆದರೂ ಬೆಳಗ್ಗೆ ಕೂಗಾಟ.

ಹೊರಹೋಗುವ ದಾರಿ ಎರಡು ಇರಬೇಕು. ಕಳ್ಳರ ಭಯಕ್ಕೆ ಒಳಗಿನಿಂದ ಬೀಗ ಜಡಿದು ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಬೆಂಕಿ ಬಿದ್ದಾಗ ಕೀಲಿ ಹುಡುಕುವ ಹೊತ್ತು ಇರಲ್ಲ. ಹೊರಗಿನಿಂದ ತೆಗೆಯಲಾಗದ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲುಗಳಿವೆ. ಬೇರೆ ಎಲ್ಲಿ ಉಳಿಸಿದರೂ ಇದಕ್ಕೆ ಖರ್ಚು ಮಾಡಿ.

ತಿಗಣೆ ಬರುತ್ತದೆ. ಬರಬಹುದು ಅಲ್ಲ, ಬರುತ್ತದೆ. ಮರದ ಮಂಚ ಬಿಟ್ಟು ಕಬ್ಬಿಣದ್ದು ತಗೊಳ್ಳಿ, ಹಾಸಿಗೆಗೆ ಜಿಪ್ ಇರುವ ಕವರ್ ಹಾಕಿ. ತಿಗಣೆ ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ನಾಲ್ಕು ದಿನ ಮುಚ್ಚಿ ತೆರೆದರೆ ಏನೂ ಪ್ರಯೋಜನ ಇಲ್ಲ. ಬಿಸಿಗೆ ಸಾಯುತ್ತದೆ. 60 ಡಿಗ್ರಿ ನೀರಲ್ಲಿ ಒಗೆದು, ಬಿಸಿ ಡ್ರೈಯರ್‌ನಲ್ಲಿ ಅರ್ಧ ಗಂಟೆ ತಿರುಗಿಸಿ. ಬಂದ ಮೊದಲ ದಿನ ಎಲ್ಲರ ಬಟ್ಟೆಗೂ ಇದೇ ನಿಯಮ ಮಾಡಿ. ಕೊಳಕಾಗಿ ಕಂಡವರನ್ನು ಮಾತ್ರ ಬದಿಗೆ ಕರೆದು ಅವಮಾನ ಮಾಡಬೇಡಿ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯದ ಪರೀಕ್ಷೆಗೆ ಕಳಿಸಿ. ಕಿಟಕಿ ಮುಚ್ಚಿಡಬೇಡಿ. ಇನ್ಸುಲಿನ್‌ಗೆ ಒಂದು ಸಣ್ಣ ಫ್ರಿಜ್ ಇರಲಿ.

ಖರ್ಚಿನ ದೊಡ್ಡ ಪಾಲು ಸಂಬಳ. ದಾನಿಗಳು ಹೊದಿಕೆ ಕೊಡುತ್ತಾರೆ, ಸಂಬಳಕ್ಕೆ ಕೊಡಲ್ಲ. ಆರು ತಿಂಗಳ ಸಂಬಳ ಕೈಯಲ್ಲಿಲ್ಲದೆ ತೆರೆಯಬೇಡಿ. ಹಳೆ ಬಟ್ಟೆ ಬೇಡ ಅಂತ ಮೊದಲ ದಿನವೇ ಹೇಳುವ ಧೈರ್ಯ ಮಾಡಿ. ನಮ್ಮಲ್ಲಿ ಒಂದು ಇಡೀ ಕೋಣೆ ಅದಕ್ಕೇ ಹೋಯಿತು. ಒಂದು ಮದುವೆ ಸೂಟೂ ಬಂದಿತ್ತು!

ಬೀದಿಯಲ್ಲಿ ಓಡಾಡಿ ಜನರನ್ನು ಹುಡುಕುವ ಕೆಲಸದವರು

ಮೊದಲ ಎರಡು ವಾರ ಅರ್ಧ ಖಾಲಿ ಇದ್ದರೆ ಗಾಬರಿ ಬೇಡ. ಹೆಂಗಸರು ಕಣ್ಣಿಗೆ ಬೀಳುವ ಜಾಗದಲ್ಲಿ ಮಲಗುವುದು ಕಡಿಮೆ. ರಾತ್ರಿ ಬಸ್ಸಿನಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಪರಿಚಯದವರ ಮನೆಯ ಮೂಲೆಯಲ್ಲಿ ಇರುತ್ತಾರೆ. ಒಬ್ಬಳು ಬಂದು ನೋಡಿ ಹೋಗಿ ಇನ್ನೊಬ್ಬಳಿಗೆ ಹೇಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಇನ್ನೊಂದು. ನಿಮ್ಮ ವಿಳಾಸ ಬಡಾವಣೆಗೆಲ್ಲ ಗೊತ್ತಿರುತ್ತದೆ. ಜೀವ ಬೆದರಿಕೆ ಇರುವವಳಿಗೆ ಅದು ಸರಿಯಾದ ಜಾಗ ಅಲ್ಲ. ವಿಳಾಸ ಗುಟ್ಟಾಗಿರುವ ಆಶ್ರಯಮನೆ ಜೊತೆ ಮೊದಲೇ ಮಾತಾಡಿಟ್ಟು, ಅದೇ ರಾತ್ರಿ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಿ.

ಇನ್ನೊಬ್ಬರು

ಬೇಜಾರು ಮಾಡಿಕೊಳ್ಳಬೇಡಿ, ತಂಗುದಾಣಕ್ಕಿಂತ ಮನೆ ಬಾಡಿಗೆಗೆ ದುಡ್ಡು ಹಾಕಿ ಅಂತ ನಾನು ಹೇಳುವವನು. ಫಿನ್‌ಲೆಂಡ್‌ನಲ್ಲಿ 2008ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ಹಳೆಯ ತಂಗುದಾಣಗಳನ್ನೇ ಸಣ್ಣ ಬಾಡಿಗೆ ಮನೆಗಳಾಗಿ ಬದಲಾಯಿಸಿದರು. ನೀವು ಅಷ್ಟು ಮಾಡಕ್ಕಾಗಲ್ಲ, ಗೊತ್ತು. ಆದರೆ ಹಗಲು ಹೊತ್ತು ಬಾಡಿಗೆ ಮನೆ, ಗುರುತಿನ ಚೀಟಿ, ಶಾಲೆ ದಾಖಲಾತಿ ಅಂತ ಓಡಾಡಲು ಒಬ್ಬರನ್ನಾದರೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ಜನ ಮುಂದಿನ ವರ್ಷವೂ ಅಲ್ಲೇ ಇರುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 30 ಬೇಡ, 22ರಿಂದ ಶುರು ಮಾಡುತ್ತೇವೆ. ಬಾಗಿಲು 5ಕ್ಕೆ. ಭಾನುವಾರ ಅಕ್ಕಪಕ್ಕದವರನ್ನು ಕರೆಯುತ್ತಿದ್ದೇವೆ, ಭಾಷಣ ಇಲ್ಲ. ಒಂದೇ ಒಂದು ಉಳಿದಿದೆ. ಪೂರ್ತಿ ತುಂಬಿದ ಮೇಲೆ, ಹತ್ತು ಗಂಟೆಗೆ ಯಾರಾದರೂ ಮಗು ಎತ್ತಿಕೊಂಡು ಬಂದರೆ ಏನು ಹೇಳುತ್ತೀರಿ?

ರಾತ್ರಿ ಪಾಳಿಯವಳು

ಇದಕ್ಕೆ ನನಗೆ ಸಮಾಧಾನ ಆಗುವ ಉತ್ತರ ಆರು ವರ್ಷದಲ್ಲೂ ಸಿಗಲಿಲ್ಲ. ಮಾಡುತ್ತಿದ್ದದ್ದು ಹೇಳುತ್ತೇನೆ. ಲೆಕ್ಕಕ್ಕೆ ಸೇರಿಸದೆ ಎರಡು ಮಡಚುವ ಮಂಚ ಇಟ್ಟುಕೊಂಡಿದ್ದೆವು, ಹತ್ತರ ಮೇಲೆ ಮಗು ಜೊತೆ ಬಂದವರಿಗೆ. ಅದೂ ತುಂಬಿದರೆ ಮುಂದಿನ ಕೋಣೆಯಲ್ಲಿ ಕೂರಿಸಿ ನಾವೇ ಬೇರೆ ಕಡೆಗೆಲ್ಲ ಫೋನ್ ಮಾಡುತ್ತಿದ್ದೆವು. ವಿಳಾಸದ ಚೀಟಿ ಕೊಟ್ಟು ಕಳಿಸುತ್ತಿರಲಿಲ್ಲ. ಅಲ್ಲಿ ಜಾಗ ಇದೆ ಅಂತ ಖಾತ್ರಿ ಆಗಿ, ಗಾಡಿ ಬಂದ ಮೇಲೆಯೇ ಹೊರಡಿಸುತ್ತಿದ್ದೆವು. ಎಲ್ಲೂ ಜಾಗ ಇಲ್ಲದ ರಾತ್ರಿ ಬೆಂಚಿನ ಮೇಲೆಯೇ ಬೆಳಗಾಗುತ್ತಿತ್ತು.

ಜಾಗ ಕೊಡಲಾಗದವರಿಗೆ ಬೇರೆ ರಿಜಿಸ್ಟರ್ ಇಡಿ. ತಾರೀಖು, ಎಷ್ಟು ಗಂಟೆ, ಎಷ್ಟು ಮಕ್ಕಳು, ಎಲ್ಲಿಗೆ ಹೋದರು. ಹೆಸರು ಬೇಡ. ನಾವು ಎರಡನೇ ಕಟ್ಟಡ ಕೇಳಲು ಹೋದಾಗ ಮೇಜಿನ ಮೇಲೆ ಇಟ್ಟದ್ದು ಆ ಪುಸ್ತಕವನ್ನೇ.