ಅಪ್‌ಡೇಟ್: ಗಾಜಿನ ಮ್ಯಾಲ ಹಳದಿ ಫಿಲ್ಮ್ (ತೆಳು ಪದರ) ಕಡೀಗೂ ಕುಂತತ್ರಿ

ಹೋದ ತಿಂಗಳು ಕೇಳಿದ್ನೆಲ್ರಿ, ನೀರಿನ ದ್ರಾವಣದಾಗ ಎಫ್‌ಟಿಒ ಗ್ಲಾಸ್ (ಕರೆಂಟ್ ಹರಿಯೋ ಪದರ ಬಳಿದ ಗಾಜು) ಮ್ಯಾಲ ಕರೆಂಟ್ ಬಿಟ್ಟು ಕ್ಯಾಡ್ಮಿಯಂ ಸಲ್ಫೈಡ್ ಅನ್ನೋ ಹಳದಿ ಅರೆವಾಹಕ ಕೂಡಿಸಾಕ ಹೋದ್ರ ಹೈಡ್ರೋಜನ್ ಗುಳ್ಳಿ ಎದ್ದು ಫಿಲ್ಮ್ ತೂತು ತೂತು ಆಗ್ಲತ್ತದ ಅಂತ. ನೀವು ಹೇಳಿದಂಗ ನೀರಿನ ಬದ್ಲಿ ಡಿಎಂಎಸ್‌ಒ (ಡೈಮಿಥೈಲ್ ಸಲ್ಫಾಕ್ಸೈಡ್ ಅನ್ನೋ ದ್ರಾವಕ) ತರಿಸ್ದೆ. ಮೊದಲನೇ ದಿನಾನೇ ಫಜೀತಿ, ಬೀದರ್ ಚಳಿಗೆ ಬಾಟ್ಲಿ ಪೂರಾ ಕೊಬ್ಬರಿ ಎಣ್ಣಿ ಗಟ್ಟಿ ಆದಂಗ ಆಗಿತ್ತು, 18.5 ಡಿಗ್ರಿಗೇ ಹೆಪ್ಪುಗಟ್ಟತದಂತ, ಬಿಸಿನೀರಾಗ ಇಟ್ಟು ಕರಗಿಸಿದೆ. ಇದು ತಣ್ಣಗಿದ್ದಾಗ ಗಂಧಕ ಇದ್ರಾಗ ಸರಿ ಕರಗಲ್ಲ, ಅದಕ್ಕ, ಕ್ಯಾಡ್ಮಿಯಂ ಕ್ಲೋರೈಡ್ ಜೋಡಿ ಹಾಕಿ 110 ಡಿಗ್ರಿಗೆ ಕಾಸಿ ಕರೆಂಟ್ ಬಿಟ್ಟ ಮ್ಯಾಲ ಕ್ಯಾಥೋಡ್ (ಋಣ ತುದಿಗೆ ಜೋಡಿಸಿದ ಗ್ಲಾಸ್) ಮ್ಯಾಲ ನಿಂಬಿಹಣ್ಣಿನ ಬಣ್ಣದ ಪದರ ಬಂತ್ರಿ, ಟೇಪ್ ಹಚ್ಚಿ ಕಿತ್ತಿದ್ರೂ ಏಳಲಿಲ್ಲ! ಡಿಎಂಎಸ್‌ಒ ಬಾಟ್ಲಿ ಮುಚ್ಚಳ ಮಾತ್ರ ತಗದಿಡಬ್ಯಾಡ್ರಿ, ಗಾಳ್ಯಾಗಿನ ನೀರು ಎಳ್ಕೊತದ. ಗ್ಲೋವ್ಸೂ ಬೇಕೇ ಬೇಕು, ಇದು ಚರ್ಮದಾಗ ಸೀದಾ ಇಳೀತದ.