14 ವರ್ಷದ ಬೆಕ್ಕಿಗೆ ಕಿಡ್ನಿ ಮುಗಿದಿದೆ ಎಂದಿದ್ದಾರೆ: ಇನ್ನೊಬ್ಬ ಡಾಕ್ಟರಿಗೆ ತೋರಿಸಿದವರು ಅನುಭವ ಹೇಳಿ

ಬ್ರಹ್ಮಪುರ, ಕಲಬುರಗಿ

ನಮ್ಮ ಚಿನ್ನಿಗೆ 14 ವರ್ಷ. ನಾಲ್ಕು ಕೆ.ಜಿ. ಇದ್ದವಳು ಈಗ 2 ಕೆ.ಜಿ. 900 ಗ್ರಾಂ. ಯುಗಾದಿಯ ಹೊತ್ತಿಗೆ ನೀರಿನ ಬಟ್ಟಲು ಬಿಟ್ಟು ಏಳದಂತಾದಳು, ಈಗ ದಿನಕ್ಕೆ ಎರಡು ಸಲ ವಾಂತಿ. ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4.8 ಬಂತು. ಮೂರು ದಿನ ಸಲೈನ್ ಹಾಕಿ ನೋಡೋಣ, ಆಗದಿದ್ದರೆ ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಸಾಯಲು ಬಿಡುವುದೇ ಒಳ್ಳೆಯದು ಎಂದರು. ಹತ್ತು ವರ್ಷದಿಂದ ನೋಡುತ್ತಿರುವ ಒಳ್ಳೆಯ ಮನುಷ್ಯ. ಅವರ ಮನಸ್ಸು ನೋಯದಂತೆ ಇನ್ನೊಬ್ಬರಿಗೆ ತೋರಿಸುವುದು ಹೇಗೆ? ವರದಿ ಕೇಳಿ ಪಡೆಯಬಹುದೇ? ಬೀದರಿಗೆ ಹೋಗುವುದೋ, ಹೈದರಾಬಾದಿಗೇ ಹೋಗುವುದೋ? ಹೊರಗೆ 43 ಡಿಗ್ರಿ ಬಿಸಿಲಿದೆ.

ಸೇಡಂ ರಸ್ತೆ, ಕಲಬುರಗಿ

ಹೋಗಿ ಅಕ್ಕಾ, ಯೋಚಿಸುತ್ತ ಕೂರಬೇಡಿ. ನಾನು ಹನ್ನೊಂದು ದಿನ ಯೋಚಿಸುತ್ತ ಕುಳಿತೆ. ಆ ಹನ್ನೊಂದು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತವೆ. ನಮ್ಮ ಶೇರುವಿಗೆ ಆಗ 13 ವರ್ಷ. ಇಬ್ಬರು ಡಾಕ್ಟರು ಮುಟ್ಟಿ ನೋಡಿ ಮುಪ್ಪು ಎಂದರು. ಮುಪ್ಪಾದವನು ಕದ್ದು ತಿನ್ನುತ್ತಾನೆಯೇ? ಇವನು ಹಾಕಿದ್ದನ್ನೆಲ್ಲ ತಿಂದು, ಒಲೆಯ ಕಟ್ಟೆಯ ಮೇಲಿಟ್ಟ ಮೀನನ್ನೂ ಕದಿಯುತ್ತಿದ್ದ. ಆದರೂ ಬೆನ್ನುಮೂಳೆ ಎಣಿಸುವಂತಾಗಿತ್ತು. ರಾತ್ರಿಯಿಡೀ ಪಡಸಾಲೆಯಲ್ಲಿ ಅರಚುತ್ತ ತಿರುಗುತ್ತಿದ್ದ.

ಬೆಳಗಿನ ನಾಲ್ಕಕ್ಕೆ ಬಾಡಿಗೆ ಕಾರು ಮಾಡಿ ಹೈದರಾಬಾದಿಗೆ ಹೋದೆವು. ಕಾರಿಗೆ 7,500, ಹುಮನಾಬಾದಿನಲ್ಲಿ ಚಹಾ ತಿಂಡಿ 140, ಟೋಲ್ ಬೇರೆ. ತಪಾಸಣೆಗೆ 800, ರಕ್ತ ಪರೀಕ್ಷೆಗೆ 3,200, ಅದರಲ್ಲಿ ಥೈರಾಯ್ಡಿನ ಟಿ4 ಒಂದಕ್ಕೇ 1,100, ಹೊಟ್ಟೆಯ ಸ್ಕ್ಯಾನಿಗೆ 1,800. ಆ ಡಾಕ್ಟರಮ್ಮ ನನ್ನ ಬೆರಳು ಹಿಡಿದು ಅವನ ಗಂಟಲಿನ ಪಕ್ಕ ಇಡಿಸಿದರು. ಅವರೆಕಾಳಿನಷ್ಟು ಗಂಟು ಜಾರುತ್ತಿತ್ತು. ಹನ್ನೊಂದು ದಿನ ಅದೇ ಕುತ್ತಿಗೆ ಸವರಿದ್ದೆ, ತಿಳಿದಿರಲಿಲ್ಲ. ಥೈರಾಯ್ಡ್ ವಿಪರೀತವಾಗಿತ್ತು. ಮನುಷ್ಯರಿಗೆ ಕೊಡುವ ಕಾರ್ಬಿಮಜೋಲ್ ಮಾತ್ರೆಯನ್ನೇ ಅವನ ತೂಕಕ್ಕೆ ಲೆಕ್ಕ ಹಾಕಿ ಬರೆದುಕೊಟ್ಟರು. ಎರಡು ತಿಂಗಳಲ್ಲಿ 600 ಗ್ರಾಂ ಏರಿದ. ಆಮೇಲೆ ಕಿಡ್ನಿಯ ತೊಂದರೆ ಹೊರಬಿತ್ತು. ಥೈರಾಯ್ಡ್ ಜೋರಾಗಿದ್ದಾಗ ಕಿಡ್ನಿಗೆ ರಕ್ತ ಹೆಚ್ಚು ಹರಿದು ಆ ಕಾಯಿಲೆ ಮುಚ್ಚಿಕೊಂಡಿರುತ್ತದೆ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದರು. 19 ತಿಂಗಳು ನಮ್ಮ ಜೊತೆ ಇದ್ದ. ಒಟ್ಟು 46,280 ರೂಪಾಯಿ. ಬರೆದಿಟ್ಟ ಪುಸ್ತಕ ಈಗಲೂ ಕಪಾಟಿನಲ್ಲಿದೆ. ಒಂದು ರೂಪಾಯಿಯೂ ದಂಡವಾಯಿತು ಎನ್ನಿಸಿಲ್ಲ.

ಮೈಲೂರು, ಬೀದರ್

ನನ್ನ ಲೆಕ್ಕವನ್ನೂ ಓದಿ. ನಮ್ಮ ಮುನ್ನಿಗೆ 15 ವರ್ಷ, ಕ್ರಿಯಾಟಿನಿನ್ 9.6. ಮೊದಲ ಡಾಕ್ಟರು ಇನ್ನು ಕಾಡಬೇಡಿ ಎಂದರು. ಕೇಳಲಿಲ್ಲ. ಎರಡನೆಯವರ ಬಳಿ ನಾಲ್ಕು ದಿನ ಪಂಜರದಲ್ಲಿಟ್ಟು ಸಲೈನ್ ಹಾಕಿಸಿದೆವು, ದಿನಕ್ಕೆ 1,400ರಂತೆ 5,600. ಎರಡನೆಯ ದಿನ ಮುಂಗಾಲಿನ ಸೂಜಿ ಕಿತ್ತುಬಂದು ಹೊಸದು ಹಾಕಿದರು, ಅದಕ್ಕೆ 250. ರಕ್ತ ಪರೀಕ್ಷೆ ಮೂರು ಸಲ, 4,500. ನಾಲ್ಕನೆಯ ದಿನ 9.1. ಅರ್ಧ ಅಂಕಕ್ಕೆ ಕುಣಿದಾಡಿದೆವು. ಮೂರನೆಯ ಡಾಕ್ಟರಿಗಾಗಿ ಹೈದರಾಬಾದಿಗೆ ಹೊರಟೆವು. ಕಾರಿಗೆ 5,000. ಬೀದರ್ ಬಿಟ್ಟು ಸ್ವಲ್ಪ ಹೊತ್ತಿಗೇ ಕಾರಿನ ಎಸಿ ಕೆಟ್ಟಿತು. ಜಹೀರಾಬಾದ್ ದಾಟುವ ಮೊದಲೇ, ನನ್ನ ಹೆಂಡತಿಯ ತೊಡೆಯ ಮೇಲೆ, 350 ರೂಪಾಯಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡು ಹೋದಳು. ಹುಟ್ಟಿದಾಗಿನಿಂದ ಕಾರಿನ ಸದ್ದು ಕೇಳಿದರೆ ಅಟ್ಟ ಹತ್ತುತ್ತಿದ್ದ ಜೀವ ಅದು. ಹೊಲಿಗೆ ಯಂತ್ರದ ಕೆಳಗೆ ಅವಳದೇ ಒಂದು ಹಳೆಯ ಕೌದಿಯ ತುಂಡು ಇತ್ತು. ಅಲ್ಲಿ ಸಾಯಬೇಕಾಗಿತ್ತು. ಎರಡನೆಯ ಅಭಿಪ್ರಾಯ ನನಗೆ ಬೇಕಾಗಿತ್ತು, ಅವಳಿಗಲ್ಲ.

ಸೇಡಂ ರಸ್ತೆ, ಕಲಬುರಗಿ

ಅಣ್ಣಾವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ 9.6 ಇದ್ದ ಬೆಕ್ಕಿನ ಕಥೆ ಹೇಳಿ 4.8 ಇರುವ ಬೆಕ್ಕಿನ ಮನೆಯವರನ್ನು ಹೆದರಿಸುವುದು ಸರಿಯಲ್ಲ. ಕ್ರಿಯಾಟಿನಿನ್ 2.9ರಿಂದ 5ರವರೆಗೆ ಇದ್ದರೆ ಕಿಡ್ನಿ ಕಾಯಿಲೆಯ ಮೂರನೆಯ ಹಂತ, 5ರ ಮೇಲೆ ನಾಲ್ಕನೆಯದು, ಅದೇ ಕೊನೆಯದು. ಅದೂ ಮೈಯಲ್ಲಿ ನೀರು ಸರಿಯಾಗಿರುವಾಗ ತೆಗೆದ ರಕ್ತವಾದರೆ ಮಾತ್ರ. ವಾಂತಿ ಮಾಡಿ ಬತ್ತಿಹೋದ ಬೆಕ್ಕಿನ ರಕ್ತದಲ್ಲಿ ಅಂಕಿ ಹೇಗೂ ಏರಿರುತ್ತದೆ.

ಮೈಲೂರು, ಬೀದರ್

ತಂಗೀ, ನಾನು ಯಾರನ್ನೂ ಹೆದರಿಸಲಿಲ್ಲ. ಅನುಭವ ಕೇಳಿದರು, ಹೇಳಿದೆ. ಗೆದ್ದವರ ಅನುಭವವನ್ನಷ್ಟೇ ಹೇಳಬೇಕು ಎಂದಿದ್ದರೆ ಮೊದಲೇ ತಿಳಿಸಬೇಕಿತ್ತು.

ಯಾದಗಿರಿ

ನಾನು ಎಲ್ಲಿಗೂ ಹೋಗಲಿಲ್ಲ, ನಮ್ಮ ಗುಂಡ ಏಳು ತಿಂಗಳು ಮನೆಯಲ್ಲೇ ಬದುಕಿದ. ನಮ್ಮ ಡಾಕ್ಟರು ದಿನವೆಲ್ಲ ದನ, ಕುರಿ ನೋಡುವವರು. ಬೆಕ್ಕಿನ ಕಿಡ್ನಿ ನನಗೆ ಅಷ್ಟು ರೂಢಿಯಿಲ್ಲ ಎಂದು ಬಾಯಿಬಿಟ್ಟು ಹೇಳಿದರು. ನನ್ನ ಎದುರಿನಲ್ಲೇ ಬೆಂಗಳೂರಿನಲ್ಲಿರುವ ತಮ್ಮ ಸಹಪಾಠಿಗೆ ಫೋನ್ ಮಾಡಿ, ವರದಿಯ ಫೋಟೋ ಕಳುಹಿಸಿ, ಅರ್ಧ ಗಂಟೆ ಮಾತನಾಡಿದರು. ನನ್ನ ಎರಡನೆಯ ಅಭಿಪ್ರಾಯ ಅಷ್ಟೇ, ಒಂದು ಪೈಸೆ ಖರ್ಚಿಲ್ಲ. ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಗೊತ್ತಿಲ್ಲ ಎನ್ನುವವರ ಮೇಲೆ ನನಗೆ ಇರುವ ಗೌರವ ಬೇರೆಯವರ ಮೇಲಿಲ್ಲ.

ಚರ್ಮದ ಕೆಳಗೆ ಸಲೈನ್ ಕೊಡುವುದನ್ನು ಅವರೇ ಕಲಿಸಿದರು. ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನಿನ 500 ಮಿ.ಲೀ. ಬಾಟಲಿ 70 ರೂಪಾಯಿ, ಪೈಪು 60, ಸೂಜಿ ಒಂದಕ್ಕೆ 4. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಕಿಟಕಿಯ ಸರಳಿಗೆ ಕಟ್ಟಿ, ಹೆಗಲ ನಡುವಿನ ಚರ್ಮವನ್ನು ಗುಡಾರದಂತೆ ಎತ್ತಿ ಸೂಜಿ ಹಾಕುವುದು. ದಿನ ಬಿಟ್ಟು ದಿನ 100 ಮಿ.ಲೀ. ಒಂಟೆಯ ಡುಬ್ಬದಂತೆ ಉಬ್ಬುತ್ತದೆ, ಆಮೇಲೆ ಮುಂಗಾಲಿನ ಕಡೆಗೆ ಜಾರುತ್ತದೆ. ಮೊದಲ ಸಲ ಅದನ್ನು ನೋಡಿ ಹೌಹಾರಿ ರಾತ್ರಿ ಹತ್ತಕ್ಕೆ ಡಾಕ್ಟರಿಗೆ ಫೋನ್ ಮಾಡಿದ್ದೆ. ಮೊದಲು ನೀಲಿ ಸೂಜಿ, 23 ನಂಬರ್, ತಂದು ಕೆಟ್ಟೆ. 40 ನಿಮಿಷ ಹಿಡಿಯಿತು, ಅವನೂ ರೇಗಿದ, ನಾನೂ ಅತ್ತೆ. ಹಳದಿ ಬಣ್ಣದ 20 ನಂಬರ್ ಹಾಕಿದ ಮೇಲೆ ಏಳೆಂಟು ನಿಮಿಷದಲ್ಲಿ ಮುಗಿಯುತ್ತಿತ್ತು.

ಶಹಾಬಜಾರ್, ಕಲಬುರಗಿ

ದಯವಿಟ್ಟು ಇದನ್ನು ಅಡುಗೆಯ ವಿಧಾನದಂತೆ ಬರೆಯಬೇಡಿ ಮೇಡಂ. ನಮ್ಮ ಕರಿಯನಿಗೆ ಹೀಗೆಯೇ ಮನೆಯಲ್ಲಿ ಸಲೈನ್ ಕೊಟ್ಟೆವು. ಹೃದಯದ ತೊಂದರೆಯೂ ಇತ್ತು, ಯಾರೂ ನೋಡಿರಲಿಲ್ಲ. ಒಂಬತ್ತನೆಯ ದಿನ ಬಾಯಿ ತೆರೆದು ಉಸಿರಾಡತೊಡಗಿದ. ಎಕ್ಸ್‌ರೇ ತೆಗೆದಾಗ ಎದೆಯಲ್ಲಿ ನೀರು. ಆ ನೀರು ನಾನೇ ಹಾಕಿದ್ದು, ನನ್ನ ಕೈಯಿಂದ. ಹೃದಯ ಸರಿಯಿಲ್ಲದ ಬೆಕ್ಕಿಗೆ ಸಲೈನ್ ವಿಷವಾಗುತ್ತದೆ ಎಂದು ಆ ದಿನ ತಿಳಿಯಿತು. ಇನ್ನೊಬ್ಬ ಡಾಕ್ಟರಿಗೆ ಒಂದು ಸಲ ತೋರಿಸಿದ್ದರೆ ಎದೆಗೆ ಸ್ಟೆತಸ್ಕೋಪ್ ಇಡುತ್ತಿದ್ದರು. ನಾಲ್ಕು ವರ್ಷವಾಯಿತು. ಅದಾದ ಮೇಲೆ ಮನೆಗೆ ಬೆಕ್ಕು ತಂದಿಲ್ಲ.

ಯಾದಗಿರಿ

ಸರ್, ಡಾಕ್ಟರು ಎದೆ ಪರೀಕ್ಷಿಸಿ, ಕಲಿಸಿ, ಪ್ರಮಾಣ ಬರೆದುಕೊಟ್ಟ ಮೇಲೆಯೇ ನಾನು ಮಾಡಿದ್ದು. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು, ಒಪ್ಪುತ್ತೇನೆ. ಅಡುಗೆಯ ವಿಧಾನ ಎಂಬ ಮಾತನ್ನು ಒಪ್ಪುವುದಿಲ್ಲ. ಏಳು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದವಳು ನಾನು.

ಬ್ರಹ್ಮಪುರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಎಲ್ಲವನ್ನೂ ಓದುತ್ತಿದ್ದೇನೆ. ಡಾಕ್ಟರ ಬಳಿ ವರದಿ ಕೇಳುವುದು ಹೇಗೆ ಎಂದು ಯಾರಾದರೂ ಹೇಳುವಿರಾ? ಇಂದು ಬೆಳಿಗ್ಗೆ ಏನೂ ತಿಂದಿಲ್ಲ. ಮೈ ಮುಟ್ಟಿದರೆ ನರಳುತ್ತಾಳೆ. ಪಕ್ಕದ ಮನೆಯವರು ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಿ ಎನ್ನುತ್ತಿದ್ದಾರೆ.

ಜೇವರ್ಗಿ ರಸ್ತೆ, ಕಲಬುರಗಿ

ಕೊಡಬೇಡಿ. ಕೊಡಬೇಡಿ. ಕೊಡಬೇಡಿ. ನಾನು ಕೊಟ್ಟೆ. ಅರ್ಧ ಮಾತ್ರೆ, ಬೆಲೆ ಒಂದು ರೂಪಾಯಿಯೂ ಇಲ್ಲ. ನಾಲ್ಕು ಗಂಟೆಯೊಳಗೆ ಒಸಡು ಮಣ್ಣಿನ ಬಣ್ಣಕ್ಕೆ ತಿರುಗಿತು, ಮುಖ ಊದಿತು. ಮರುದಿನ ಮಧ್ಯಾಹ್ನಕ್ಕೆ ಇರಲಿಲ್ಲ. ಆ ಮಾತ್ರೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಇದನ್ನು ಹೇಳಲೆಂದೇ ಬರೆಯುತ್ತಿದ್ದೇನೆ, ಉಳಿದ ವಾದ ನನಗೆ ಬೇಡ.

ನೌಬಾದ್, ಬೀದರ್

ಎಲ್ಲರೂ ಹೈದರಾಬಾದ್ ಎನ್ನುವುದನ್ನು ಓದಿ ಹೊಟ್ಟೆ ಉರಿಯುತ್ತದೆ. ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೀದರಿನ ನಂದಿನಗರದಲ್ಲಿ. ಅಲ್ಲಿನ ಕಾಲೇಜಿಗೆ ನಮ್ಮ ಬಿಲ್ಲಿಯನ್ನು ಕೊಂಡೊಯ್ದೆ. ಎಮ್ಮೆಗಳ ಸಾಲಿನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಾಗ ನನಗೂ ಅನುಮಾನವಿತ್ತು. ಸ್ಕ್ಯಾನ್ ಮಾಡುತ್ತಲೇ ಮೂತ್ರಕೋಶಕ್ಕೆ ಸಣ್ಣ ಸೂಜಿ ಹಾಕಿ ಮೂತ್ರ ತೆಗೆದರು. ಸೋಂಕು ಕಿಡ್ನಿಯವರೆಗೆ ಏರಿತ್ತು. ಊರಿನ ಡಾಕ್ಟರು ರಕ್ತವನ್ನಷ್ಟೇ ನೋಡಿದ್ದರು, ಮೂತ್ರವನ್ನು ನೋಡಿರಲಿಲ್ಲ. ಸರಿಯಾದ ಆ್ಯಂಟಿಬಯೋಟಿಕ್ ಸಿಕ್ಕಿದ ಮೇಲೆ ಕ್ರಿಯಾಟಿನಿನ್ 5.2ರಿಂದ 2.4ಕ್ಕೆ ಇಳಿಯಿತು. ಬಿಲ್ಲಿ ಈಗ ನನ್ನ ಪಕ್ಕದಲ್ಲಿ ಮಲಗಿದ್ದಾಳೆ.

ಕೇಳಿದ ತಾಯಿಗೆ: ಡಾಕ್ಟರ ಮುಂದೆ ಸುತ್ತಿ ಬಳಸಿ ಮಾತನಾಡಬೇಡಿ. "ಬೀದರಿನಲ್ಲಿ ಒಮ್ಮೆ ತೋರಿಸಿಕೊಂಡು ಬರುತ್ತೇವೆ, ಇದುವರೆಗಿನ ವರದಿ, ಕೊಟ್ಟ ಔಷಧಿಯ ಹೆಸರು ಬರೆದುಕೊಡಿ" ಎನ್ನಿ. ನಮ್ಮವರು ತಾವೇ ಚೀಟಿ ಬರೆದು ಕೊಟ್ಟರು. ರಕ್ತ ತೆಗೆದದ್ದು ಸಲೈನಿಗೆ ಮೊದಲೋ ಆಮೇಲೋ ಎಂಬುದನ್ನು ಬರೆಸಿಕೊಳ್ಳಿ. ಮೂತ್ರ, ರಂಜಕ (ಫಾಸ್ಫರಸ್), ಪೊಟ್ಯಾಶಿಯಂ, ರಕ್ತದೊತ್ತಡ ನೋಡಿದ್ದಾರೆಯೇ ಎಂದು ಕೇಳಿ. ಕಲಬುರಗಿಯಿಂದ ಬೀದರಿಗೆ 2017ರಲ್ಲಿ ಶುರುವಾದ ರೈಲು ಮಾರ್ಗವಿದೆ, 110 ಕಿ.ಮೀ., ರೈಲಿನಲ್ಲೇ ಬನ್ನಿ.

ಸೇಡಂ ರಸ್ತೆ, ಕಲಬುರಗಿ

ಈ ಬಿಸಿಲಿನಲ್ಲಿ ರೈಲಿನಲ್ಲಿ ಬನ್ನಿ ಎನ್ನುವುದು ಯಾವ ಸಲಹೆ? ಡಬ್ಬಿ ಕಾದ ಹಂಚಾಗಿರುತ್ತದೆ. ಸಾಲ ಮಾಡಿಯಾದರೂ ಎಸಿ ಕಾರು ಮಾಡಿಸಿ, ನಸುಕಿನಲ್ಲಿ ಹೊರಡಿ.

ಮೈಲೂರು, ಬೀದರ್

ಎಸಿ ಕಾರಿನಲ್ಲಿಯೇ ನನ್ನ ಬೆಕ್ಕು ಸತ್ತದ್ದು. ಒದ್ದೆ ಟವೆಲು, ನೀರಿನ ಬಾಟಲಿ ಇಲ್ಲದೆ ಯಾವ ವಾಹನವನ್ನೂ ಹತ್ತಬೇಡಿ.

ನೌಬಾದ್, ಬೀದರ್

ರೈಲಿನಲ್ಲಿ ಬಡವರು ಹೋಗುತ್ತಾರೆ, ಅವರ ಬೆಕ್ಕುಗಳಿಗೂ ಕಾಯಿಲೆ ಬರುತ್ತದೆ. ಸಾಲ ಮಾಡಿ ಎಂದು ಬರೆಯುವ ಮೊದಲು ಯೋಚಿಸಿ.

ಸೇಡಂ ರಸ್ತೆ, ಕಲಬುರಗಿ

ನಾನು ಸಾಲ ಮಾಡಿಯೇ ಹೋದದ್ದು. ಸಂಘದಲ್ಲಿ 20,000 ಎತ್ತಿ, ಹದಿನಾಲ್ಕು ತಿಂಗಳು ಕಟ್ಟಿದ್ದೇನೆ. ನನ್ನನ್ನು ಶ್ರೀಮಂತಳು ಎಂದುಕೊಳ್ಳಬೇಡಿ.

ಶಹಾಪುರ, ಯಾದಗಿರಿ ಜಿಲ್ಲೆ

ರೈಲು ಕಾರು ಬಿಡಿ, ಚಿನ್ನಿ ಏನೂ ತಿಂದಿಲ್ಲ ಎಂದಿದ್ದಾರೆ, ಅದನ್ನು ಯಾರೂ ಗಮನಿಸಲಿಲ್ಲ. ನಮ್ಮ ಬೆಕ್ಕಿಗೆ ಡಾಕ್ಟರು ಕಿಡ್ನಿಗೆಂದೇ ಬರುವ ಆಹಾರ ಬರೆದುಕೊಟ್ಟರು, 2 ಕೆ.ಜಿ.ಗೆ 2,900, ಕೊರಿಯರ್ 180. ಮೂಸಿ ನೋಡಿ ಕಾಲಿನಿಂದ ಮಣ್ಣು ಮುಚ್ಚುವಂತೆ ಮಾಡಿ ಹೋದಳು. ಹಸಿದರೆ ತಿನ್ನುತ್ತಾಳೆ ಎಂದು ನಾಲ್ಕು ದಿನ ಹಟ ಹಿಡಿದೆ. ಐದನೆಯ ದಿನ ಕಿವಿಯ ಒಳಗೆಲ್ಲ ಹಳದಿ. ಬೆಕ್ಕು ದಿನಗಟ್ಟಲೆ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ತುಂಬುತ್ತದೆಯಂತೆ. ಕೋಳಿಯ ಗಂಜಿಯನ್ನು ಸಿರಿಂಜಿನಲ್ಲಿ ದಿನಕ್ಕೆ ಎಂಟು ಸಲ ಕುಡಿಸಿ ಒಂದು ತಿಂಗಳಲ್ಲಿ ಉಳಿಸಿಕೊಂಡೆ. ಆ ಚೀಲ ಹಾಗೆಯೇ ಹುಳು ಹಿಡಿಯಿತು. ವಾಂತಿ ನಿಲ್ಲುವ ಇಂಜೆಕ್ಷನ್ ಇವತ್ತೇ ಹಾಕಿಸಿ, ಆಮೇಲೆ ಮೀನೋ ಕೋಳಿಯೋ ಏನನ್ನು ಮುಟ್ಟುತ್ತದೆಯೋ ಅದನ್ನು ಕೊಡಿ.

ಬ್ರಹ್ಮಪುರ, ಕಲಬುರಗಿ

ಪ್ಯಾರಾಸಿಟಮಾಲ್ ಕೊಡಲಿಲ್ಲ. ಕೈಯಲ್ಲಿ ಹಿಡಿದಿದ್ದೆ. ಸಂಜೆ ಡಾಕ್ಟರ ಬಳಿ ಹೋಗಿ ನೌಬಾದಿನ ಅಣ್ಣ ಹೇಳಿದ ಮಾತನ್ನೇ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಮೂರು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ರಕ್ತ ತೆಗೆದದ್ದು ಸಲೈನಿಗೆ ಮೊದಲು. ಮೂತ್ರ ಪರೀಕ್ಷೆ ಆಗಿಲ್ಲ. ವಾಂತಿಯ ಇಂಜೆಕ್ಷನ್ ಹಾಕಿದ್ದಾರೆ, ಎಂಟು ಗಂಟೆಗೆ ಎರಡು ಚಮಚ ಮೀನಿನ ಸಾರು ನೆಕ್ಕಿದಳು. ನಾಳೆ ನಸುಕಿನಲ್ಲಿ ತಮ್ಮನ ಕಾರಿನಲ್ಲಿ ಬೀದರಿಗೆ ಹೊರಡುತ್ತೇವೆ. ಮನೆಯಲ್ಲಿ ಸಲೈನ್ ಹಾಕುವಂತಾದರೆ ಸೂಜಿ ಹಳದಿಯೇ ತರಬೇಕೇ?

ಯಾದಗಿರಿ

ಹಳದಿ, 20 ನಂಬರ್. ಪ್ರತಿ ಸಲ ಹೊಸದು.

ಶಹಾಬಜಾರ್, ಕಲಬುರಗಿ

ಮೂರು ಕೆ.ಜಿ. ಇಲ್ಲದ ಬೆಕ್ಕಿಗೆ ಹಳದಿ ನೋಯುತ್ತದೆ. ಹಸಿರು, 21 ನಂಬರ್, ಎರಡು ನಿಮಿಷ ಹೆಚ್ಚು ಹಿಡಿದರೂ ಸರಿ. ನನ್ನ ಬಳಿ ಹಸಿರು ಸೂಜಿ ಒಂದು ಡಬ್ಬಿ ಹಾಗೆಯೇ ಉಳಿದಿದೆ, ಎಸೆಯಲು ಮನಸ್ಸಾಗಿಲ್ಲ. ಬೀದರಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿ, ಅದನ್ನು ನನಗೆ ತೋರಿಸಿ, ಡಬ್ಬಿ ಒಯ್ಯಿರಿ. ಎಕ್ಸ್‌ರೇ ಇಲ್ಲದೆ ಬಂದರೆ ಕೊಡುವುದಿಲ್ಲ.