ಆಫೀಸ್ ಪ್ರಿಂಟರ್‌ಗೆ ಹೋಗುವ ಫೈಲ್ ಎನ್‌ಕ್ರಿಪ್ಟ್ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಲೆಕ್ಕಪತ್ರ ನೋಡುವ ಚಿಕ್ಕ ಆಫೀಸ್. ಗ್ರಾಹಕರ ಪ್ಯಾನ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ನೆಟ್‌ವರ್ಕ್ ಪ್ರಿಂಟರ್‌ಗೇ ಹೋಗುತ್ತವೆ. ನನ್ನದು ಉಬುಂಟು, ಉಳಿದವರದು ವಿಂಡೋಸ್. ಈಗ ಪ್ರಿಂಟರನ್ನು 9100 ಪೋರ್ಟ್‌ನಲ್ಲಿ (ಫೈಲನ್ನು ನೇರ ಪ್ರಿಂಟರ್‌ಗೆ ಕಳಿಸುವ ದಾರಿ) ಸೇರಿಸಿದ್ದೇವೆ. ವೈಫೈ ಪಾಸ್‌ವರ್ಡ್ ಇದೆಯಲ್ಲ, ಅಷ್ಟು ಸಾಕಾ?

ಉತ್ತರ: ಸಾಲದು. ಆ ಪಾಸ್‌ವರ್ಡ್ ಕಾಯುವುದು ವೈಫೈ ಭಾಗವನ್ನು ಮಾತ್ರ. 9100ರಲ್ಲಿ ಏನೂ ಎನ್‌ಕ್ರಿಪ್ಟ್ ಆಗುವುದಿಲ್ಲ, ದಾರಿಯಲ್ಲಿ ಟ್ರಾಫಿಕ್ ಹಿಡಿದವರು ನಿಮ್ಮ ಫೈಲನ್ನು ಹಾಗೇ ಮತ್ತೆ ಜೋಡಿಸಿಕೊಳ್ಳಬಹುದು. ಐಪಿಪಿಎಸ್ ಬಳಸಿ. ಅಂದರೆ ಐಪಿಪಿ (ನೆಟ್‌ವರ್ಕ್‌ನಲ್ಲಿ ಪ್ರಿಂಟ್ ಕಳಿಸುವ ವಿಧಾನ) ಟಿಎಲ್‌ಎಸ್ (ಎನ್‌ಕ್ರಿಪ್ಟ್ ಮಾಡುವ ಪದರ) ಒಳಗೆ ಹೋಗುತ್ತದೆ, ಪೋರ್ಟ್ 631. ಪ್ರಿಂಟರ್‌ನ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು, ಅಡ್ಮಿನ್ ಲಾಗಿನ್ ಆಗಿ ಅದನ್ನು ಆನ್ ಮಾಡಿ. ಉಬುಂಟುವಿನ ಪ್ರಿಂಟಿಂಗ್ ವ್ಯವಸ್ಥೆಯಾದ ಕಪ್ಸ್‌ನಲ್ಲಿ ಪ್ರಿಂಟರ್ ಹೊಸದಾಗಿ ಸೇರಿಸುವಾಗ ವಿಳಾಸ ಐಪಿಪಿಎಸ್ ಎಂದೇ ಶುರುವಾಗಲಿ. ವಿಂಡೋಸ್‌ನಲ್ಲಿ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟು ಸೇರಿಸಿ.

ಇನ್ನೊಂದು ಉತ್ತರ: ವಿಂಡೋಸ್‌ನಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಸರ್ಟಿಫಿಕೇಟ್ (ಪ್ರಿಂಟರ್‌ನ ಡಿಜಿಟಲ್ ಗುರುತಿನ ಪತ್ರ) ಹತ್ತಿರ. ಪ್ರಿಂಟರ್ ತನಗೆ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್ ಕೊಡುತ್ತದೆ, ವಿಂಡೋಸ್ ಅದನ್ನು ನಂಬುವುದಿಲ್ಲ. ಸರ್ಟಿಫಿಕೇಟಿನಲ್ಲಿರುವ ಹೆಸರು ಮತ್ತು ನೀವು ಕೊಟ್ಟ ವಿಳಾಸ ಒಂದೇ ಇರಬೇಕು, ಹಾಗಾಗಿ ಪ್ರಿಂಟರ್‌ಗೆ ಬದಲಾಗದ ಹೆಸರು ಕೊಟ್ಟು ಆ ಹೆಸರಿಗೇ ಸರ್ಟಿಫಿಕೇಟ್ ಮಾಡಿಸಿ, ಅದನ್ನು ನಂಬುವಂತೆ ಎಲ್ಲಾ ಕಂಪ್ಯೂಟರ್‌ಗಳಲ್ಲೂ ಹಾಕಿ. ಪ್ರಿಂಟರ್‌ನ ದಿನಾಂಕವೂ ಸರಿ ಇದೆಯಾ ನೋಡಿ.

ಮತ್ತೊಂದು ಉತ್ತರ: ಇಷ್ಟೆಲ್ಲಾ ಮಾಡಿ 9100 ಪೋರ್ಟ್, 515 ಪೋರ್ಟ್ (ಎಲ್‌ಪಿಡಿ ಎಂಬ ಹಳೇ ಪ್ರಿಂಟ್ ದಾರಿ) ತೆರೆದೇ ಬಿಟ್ಟರೆ ಏನು ಬಂತು? ಯಾರಾದರೂ ಸುಮ್ನೆ ಹಳೇ ದಾರಿಯಲ್ಲೇ ಪ್ರಿಂಟ್ ಕೊಡುತ್ತಾರೆ ಅಲ್ವಾ! ಎಲ್ಲರನ್ನೂ ಬದಲಾಯಿಸಿದ ಮೇಲೆ ಅವೆರಡನ್ನೂ ಮುಚ್ಚಿ. ಆಮೇಲೆ ವೈರ್‌ಶಾರ್ಕ್ (ನೆಟ್‌ವರ್ಕ್ ಟ್ರಾಫಿಕ್ ತೋರಿಸುವ ಸಾಫ್ಟ್‌ವೇರ್) ಹಾಕಿ ಒಂದು ಪುಟ ಪ್ರಿಂಟ್ ಕೊಡಿ, ಟಿಎಲ್‌ಎಸ್ ಕಾಣಿಸಿದರೆ ಸರಿ.